ಕಿಮೋ ಮರುದಿನ ಮನೆಗೇ ಬಂದು ಇಂಜೆಕ್ಷನ್ ಕೊಡುವ ನರ್ಸ್ ಸರ್ವಿಸ್: 5ಕ್ಕೆ 4 ಸ್ಟಾರ್

ನಮ್ಮ ಅತ್ತಿಗೆಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಈಗ ಕಿಮೋ ನಡೆಯುತ್ತಿದೆ. ಪ್ರತಿ ಕಿಮೋ ಮುಗಿದು 24 ಗಂಟೆ ಕಳೆದ ಮೇಲೆ ಪೆಗ್‌ಫಿಲ್‌ಗ್ರಾಸ್ಟಿಮ್ ಅನ್ನುವ ಇಂಜೆಕ್ಷನ್ ಹಾಕಿಸಬೇಕು. ಕಿಮೋದಿಂದ ಬಿಳಿ ರಕ್ತಕಣ ಕುಸಿಯುತ್ತವಲ್ಲ, ಅವು ಬೇಗ ಚೇತರಿಸಿಕೊಳ್ಳಲಿ ಅಂತ. ಅದೊಂದಕ್ಕೆ ಸುಸ್ತಾದವರನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೆಮ್ಮುವವರ ಮಧ್ಯೆ ಕೂರಿಸುವುದು ಬೇಡ ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡೇ ಈ ಸರ್ವಿಸ್ ತೆಗೆದುಕೊಂಡೆವು.

ಮೊದಲ ಸಲ ಬಂದ ಸಿಸ್ಟರ್ ತುಂಬಾ ಚೆನ್ನಾಗಿ ನೋಡಿಕೊಂಡರು. ಬಂದವರೇ ಸೀದಾ ಸಿಂಕ್ ಹತ್ತಿರ ಹೋಗಿ, ಬಳೆ ಮೇಲೇರಿಸಿ, ಉಗುರಿನ ಸಂದಿಯವರೆಗೂ ಸೋಪು ಹಾಕಿ ಕೈ ತೊಳೆದರು. ನಾವು ಕೊಟ್ಟ ಟವೆಲ್ ಮುಟ್ಟಲಿಲ್ಲ, ತಂದಿದ್ದ ಟಿಶ್ಯೂನಲ್ಲೇ ಒರೆಸಿಕೊಂಡರು. ಇಂಜೆಕ್ಷನ್ ಫ್ರಿಜ್‌ನಲ್ಲಿ ಇಟ್ಟಿದ್ದೀರಾ, ಫ್ರೀಜರ್‌ನಲ್ಲಿ ಅಲ್ಲ ತಾನೇ ಅಂತ ಕೇಳಿದರು (2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು). ಯಾವ ಕಡೆ ಆಪರೇಷನ್ ಆಗಿದೆ ಅಂತ ಕೇಳಿಕೊಂಡು, ಇನ್ನೊಂದು ಕೈಗೆ ಬಿಪಿ ಪಟ್ಟಿ ಕಟ್ಟಿದರು. ಆಮೇಲೆ ಹೊಟ್ಟೆಗೆ ಇಂಜೆಕ್ಷನ್. ಮೂಳೆ ನೋವು ಬರಬಹುದು, ಗಾಬರಿ ಆಗಬೇಡಿ, ಆದರೆ ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ ಅಂದರು.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಹೊರಡುವಾಗ ಅವರು ಹೇಳಿದ ಮಾತು. ಕಿಮೋ ಆಗಿ 7ರಿಂದ 14 ದಿನದೊಳಗೆ ಬಿಳಿ ರಕ್ತಕಣ ತೀರಾ ಕಡಿಮೆ ಇರುತ್ತವೆ, ಆಗ ಸೋಂಕು ತಗುಲಿದರೂ ಕೀವು, ಊತ ಏನೂ ಕಾಣದೆ ಬರೀ ಜ್ವರ ಬರಬಹುದು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಧ್ಯರಾತ್ರಿ ಆದರೂ ಸರಿ, ಬೆಳಗ್ಗೆ ನೋಡೋಣ ಅನ್ನದೆ ಡಾಕ್ಟರ್‌ಗೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಬೇಕು. ಸುಮ್ನೆ ಡೋಲೋ ನುಂಗಿ ಮಲಗಿದರೆ ಜ್ವರ ಮುಚ್ಚಿಹೋಗುತ್ತೆ, ಒಳಗೆ ಸೋಂಕು ಬೆಳೀತಾ ಹೋಗುತ್ತೆ. ಥರ್ಮಾಮೀಟರ್ ಈಗ ಅತ್ತಿಗೆ ದಿಂಬಿನ ಪಕ್ಕದಲ್ಲೇ ಇದೆ.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ಮುಂದಿನ ಸಲ ನೆಗಡಿ ಆಗಿದ್ದ ಹುಡುಗಿಯನ್ನು ಕಳಿಸಿದರು. ಪಾಪ, ಅವಳದೇನೂ ತಪ್ಪಿಲ್ಲ, ರಜೆ ಕೇಳಿದರೂ ಕೊಟ್ಟಿರಲಿಲ್ಲವಂತೆ. ಬಾಗಿಲಲ್ಲೇ ವಾಪಸ್ ಕಳಿಸಿ ಆಫೀಸಿಗೆ ಫೋನ್ ಮಾಡಿದರೆ "ಮಾಸ್ಕ್ ಹಾಕಿದ್ದಾರಲ್ಲ ಮೇಡಂ" ಅಂತಾರೆ! ಕಿಮೋ ಪೇಷಂಟ್ ಮನೆಗೆ ಹೀಗೆ ಕಳಿಸೋದಾ? ಜಗಳ ಆಡಿದ ಮೇಲೆ ಸಂಜೆ ಬೇರೆಯವರು ಬಂದರು.

ಚಾರ್ಜ್ ಸ್ವಲ್ಪ ಜಾಸ್ತಿನೇ, ಔಷಧಿ ದುಡ್ಡು ಬೇರೆ. ಆದರೂ ತಗೊಳ್ಳಿ ಅಂತೀನಿ. ಬುಕ್ ಮಾಡುವಾಗ ಕಿಮೋ ಪೇಷಂಟ್ ಅಂತ ಹೇಳಿ, ನೆಗಡಿ ಕೆಮ್ಮು ಇರುವವರು ಬೇಡ ಅಂತ ಮೆಸೇಜ್‌ನಲ್ಲೇ ಬರೆದು ಕಳಿಸಿ.