ಲೇಕ್ ಲೂಯಿಸ್ ಗೈಡೆಡ್ ವಾಕ್: ಹೆಸರಿನ ಕಥೆಗಾದರೂ ಹೋಗಿ

ಕೆನಡಾದ ಬ್ಯಾನ್ಫ್ ನ್ಯಾಷನಲ್ ಪಾರ್ಕಿಗೆ ಹೋದಾಗ ಲೇಕ್ ಲೂಯಿಸ್ ದಡದಲ್ಲಿ ಗೈಡ್ ಜೊತೆ ನಡೆಯುವ ಟೂರ್ ತಗೊಂಡಿದ್ದೆ. ಸುಮ್ನೆ ಫೋಟೊ ತೆಗೆದು ಬರೋಣ ಅಂತಿದ್ದೆ, ಆದರೆ ಮನಸ್ಸಲ್ಲಿ ಉಳಿದದ್ದು ಹೆಸರಿನ ಕಥೆ.

ಅಲ್ಲಿನ ಮೂಲನಿವಾಸಿಗಳಾದ ಸ್ಟೋನಿ ನಕೋಡಾ ಜನರಿಗೆ ಇದು ಪುಟ್ಟ ಮೀನುಗಳ ಸರೋವರ. 1882ರಲ್ಲಿ ಅವರ ಜೊತೆ ಬಂದ, ರೈಲು ದಾರಿಯ ಸರ್ವೆ ತಂಡದಲ್ಲಿದ್ದ ಟಾಮ್ ವಿಲ್ಸನ್ ನೀರಿನ ಬಣ್ಣ ನೋಡಿ ಎಮರಾಲ್ಡ್ ಲೇಕ್ ಅಂದ. 1884ರಲ್ಲಿ ಅದೂ ಹೋಗಿ, ವಿಕ್ಟೋರಿಯಾ ರಾಣಿಯ ನಾಲ್ಕನೇ ಮಗಳು ಲೂಯಿಸ್ ಕ್ಯಾರೊಲೈನ್ ಆಲ್ಬರ್ಟಾ ಹೆಸರು ಬಂತು. ಆಲ್ಬರ್ಟಾ ಪ್ರಾಂತ್ಯಕ್ಕೂ ಅವಳದೇ ಹೆಸರು! ಅವಳ ಗಂಡ ಕೆನಡಾದ ಗವರ್ನರ್ ಜನರಲ್ ಆಗಿದ್ದ, ಅವಳು ಸ್ವತಃ ಒಳ್ಳೆಯ ಶಿಲ್ಪಿ.

ಎದುರಿಗೇ ಮೌಂಟ್ ವಿಕ್ಟೋರಿಯಾ. ಅಲ್ಲಿನ ಹಿಮನದಿ ಅರೆದ ಕಲ್ಲಿನ ನುಣ್ಣನೆ ಪುಡಿ ತೇಲುವುದರಿಂದಲೇ ಈ ನೀರಿಗೆ ಹಸಿರು ನೀಲಿ. ತಾಯಿ ಬೆಟ್ಟದಿಂದ ಮಗಳ ಕೆರೆಗೆ ಬಣ್ಣ, ಎಷ್ಟು ಚೆಂದ ಅಲ್ವಾ? ಬಗ್ಗಿ ನೀರಿಗೆ ಕೈ ಹಾಕಿದೆ, ಬೆರಳು ಮರಗಟ್ಟಿತು.

ಗುಂಪು ದೊಡ್ಡದು, ಹಿಂದಿದ್ದವರಿಗೆ ಗೈಡ್ ಮಾತು ಕೇಳಿಸಲಿಲ್ಲ. ನಕೋಡಾ ಹೆಸರನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದು ನನಗೆ ಬೇಜಾರಾಯಿತು, ಮೊದಲ ಹೆಸರು ಅದೇ ತಾನೆ. ಐದಕ್ಕೆ ನಾಲ್ಕು ಸ್ಟಾರ್. ಬೆಳಗಿನ ಟೂರನ್ನೇ ಬುಕ್ ಮಾಡಿ.