ಬೀಪ್ ಹೊಡೆಯುವ ಕಾರು: ಗಡಿ ದಾಟಿದ ಮೇಲೆ ಐಎಸ್‌ಎಯನ್ನು ಎಷ್ಟು ನಂಬಬಹುದು?

ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈ 7ರಿಂದ ನೋಂದಣಿಯಾಗುವ ಪ್ರತಿ ಹೊಸ ಕಾರಿಗೂ ಇಂಟೆಲಿಜೆಂಟ್ ಸ್ಪೀಡ್ ಅಸಿಸ್ಟೆನ್ಸ್, ಅಂದರೆ ಐಎಸ್‌ಎ ಎಂಬ ವೇಗಮಿತಿ ನೆನಪಿಸುವ ವ್ಯವಸ್ಥೆ, ಕಡ್ಡಾಯ. ಮುಂಗಾಜಿನ ಹಿಂದಿರುವ ಕ್ಯಾಮೆರಾ ರಸ್ತೆಬದಿಯ ಫಲಕ ಓದುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದನ್ನು ಮ್ಯಾಪ್ ಜೊತೆ ತಾಳೆಯೂ ನೋಡಲಾಗುತ್ತದೆ. ಮಿತಿ ಮೀರಿದಾಗ ಎಚ್ಚರಿಸುವ ಬಗೆ ಕಾರಿನಿಂದ ಕಾರಿಗೆ ಬೇರೆ: ಬೀಪ್, ಪೆಡಲ್ಲಿನ ಕಂಪನ, ಪೆಡಲ್ ಕಾಲನ್ನು ಹಿಂದಕ್ಕೆ ಒತ್ತುವುದು, ಇಲ್ಲವೇ ಕಾರೇ ವೇಗ ತಗ್ಗಿಸುವುದು. ಕೊಳ್ಳುವ ಮೊದಲು ಕೇಳಬೇಕಾದ್ದು ಇದನ್ನೇ. ಪೆಡಲ್ ಒತ್ತುವ ಬಗೆಯೇ ವಾಸಿ. ಪಕ್ಕದಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ, ಜೋರಾಗಿ ತುಳಿದರೆ ಕಾರು ಮಾತು ಕೇಳುತ್ತದೆ. ಬೀಪ್ ಕಿರಿಕಿರಿ. ಆಫ್ ಮಾಡಬಹುದು, ಆದರೆ ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಅದು ಮತ್ತೆ ಆನ್ ಆಗಲೇಬೇಕೆಂಬುದು ಕಾನೂನು.

ಇದರ ಮುಖ್ಯ ದೌರ್ಬಲ್ಯ: ಮಿತಿ ಎಂದರೆ ಫಲಕದ ಮೇಲಿನ ಅಂಕಿ ಎಂದೇ ಕ್ಯಾಮೆರಾ ಎಂದುಕೊಳ್ಳುತ್ತದೆ. ಎಷ್ಟೋ ದೇಶಗಳಲ್ಲಿ ಹಾಗಿಲ್ಲ. ಫ್ರಾನ್ಸ್, ಜರ್ಮನಿಗಳಲ್ಲಿ ಊರಿನ ಹೆಸರಿನ ಫಲಕ ದಾಟಿದರೆ ಸಾಮಾನ್ಯವಾಗಿ ಮಿತಿ 50 ಕಿ.ಮೀ.; ಫಲಕದಲ್ಲಿ ಅಂಕಿಯೇ ಇರುವುದಿಲ್ಲ. ಫ್ರಾನ್ಸಿನ ಮೋಟಾರುಮಾರ್ಗದಲ್ಲಿ 130 ಇದ್ದದ್ದು ಮಳೆ ಬಂದರೆ 110. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಬೀದಿದೀಪ ಸಾಲಾಗಿರುವ ರಸ್ತೆಗೆ, ಬೇರೆ ಫಲಕ ಇಲ್ಲದಿದ್ದರೆ, 20 ಮೈಲಿ. ಸ್ಥಳೀಯ ಚಾಲಕ ದೀಪದ ಕಂಬ ನೋಡಿ ನಿಧಾನಿಸುತ್ತಾನೆ, ಹಳೆ ಮ್ಯಾಪಿನ ಕಾರು ಇನ್ನೂ 30 ಎನ್ನುತ್ತದೆ.

ಜರ್ಮನಿಯ ಮೋಟಾರುಮಾರ್ಗವಾದ ಆಟೋಬಾನ್‌ನಲ್ಲಿ ಮಿತಿಯನ್ನು ತಪ್ಪಾಗಿ ಓದಿದರೆ ಅದು ಅಪಾಯಕ್ಕೆ ತಿರುಗುತ್ತದೆ. ಅಲ್ಲಿ ಬಲಗಡೆಯಿಂದ ಓವರ್‌ಟೇಕ್ ಮಾಡುವಂತಿಲ್ಲ. ಹಾಗಾಗಿ ಓವರ್‌ಟೇಕಿಗಿರುವ ಎಡ ಲೇನಿನಲ್ಲಿ ಹಿಂದಿನಿಂದ 180ರಲ್ಲಿ ಬರುವವನು, ಮುಂದಿನವನು ಇದ್ದಕ್ಕಿದ್ದಂತೆ ಬ್ರೇಕ್ ಹಾಕುವುದಿಲ್ಲ ಎಂದೇ ನಂಬಿರುತ್ತಾನೆ. ಆ ಹೊತ್ತಿಗೆ ಕ್ಯಾಮೆರಾ ನಿರ್ಗಮನ ರಸ್ತೆಯ 80ರ ಫಲಕವನ್ನೋ, ಬಸ್ಸಿನ ಬೆನ್ನಿಗಂಟಿಸಿದ ದುಂಡನೆಯ 100ರ ಸ್ಟಿಕ್ಕರನ್ನೋ ಓದಿಬಿಟ್ಟರೆ? ಬರೀ ಎಚ್ಚರಿಕೆಯಾದರೆ ಪರವಾಗಿಲ್ಲ. ಮಿತಿಗೆ ತಕ್ಕಂತೆ ವೇಗ ಹೊಂದಿಸಿಕೊಳ್ಳುವ ಕ್ರೂಸ್ ಕಂಟ್ರೋಲ್ ಆನ್ ಇದ್ದರೆ ಕಾರು ನಡುರಸ್ತೆಯಲ್ಲಿ ವೇಗ ಕಳೆದುಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಹೊಂದಾಣಿಕೆಯನ್ನು 'ಕೇಳಿ ಬದಲಿಸು'ವ ಬಗೆಗೆ ಹಾಕಿ. ಆ ಆಯ್ಕೆ ಇಲ್ಲದಿದ್ದರೆ ಪೂರ್ತಿ ತೆಗೆದುಬಿಡಿ.

ದಂಡದ ಲೆಕ್ಕವೂ ಚಾಲಕರ ನಡತೆಯನ್ನು ಬದಲಿಸುತ್ತದೆ. ಫಿನ್ಲೆಂಡಿನಲ್ಲಿ ಮಿತಿಯನ್ನು ಬಹಳ ಮೀರಿದರೆ ದಂಡ ಆದಾಯಕ್ಕೆ ತಕ್ಕಷ್ಟು. ಜರ್ಮನಿಯಲ್ಲಿ ಅಳೆದ ವೇಗ 100ರೊಳಗಿದ್ದರೆ ಅದರಿಂದ 3 ಕಿ.ಮೀ. ಕಳೆದು ದಂಡ ಹಾಕುತ್ತಾರೆ. ಜೊತೆಗೆ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಹೆಚ್ಚು ತೋರಿಸಬಹುದು: ನಿಜ ವೇಗದ ಶೇಕಡಾ 10ಕ್ಕೆ 4 ಕಿ.ಮೀ. ಸೇರಿಸಿದಷ್ಟರವರೆಗೆ. ಇದನ್ನು ಬಲ್ಲವರು ಮಿತಿಗಿಂತ ತುಸು ಮೇಲೆಯೇ ಓಡಿಸುತ್ತಾರೆ, ಐಎಸ್‌ಎ ಬೀಪ್ ಹೊಡೆಯುತ್ತಲೇ ಇರುತ್ತದೆ.

ಉತ್ತರ ಐರ್ಲೆಂಡಿನಿಂದ ದಕ್ಷಿಣಕ್ಕೆ ಹೋಗುವಾಗ ಮೈಲಿ ಕಿಲೋಮೀಟರ್ ಆಗುತ್ತದೆ. ಡಿಸ್‌ಪ್ಲೇ ತಾನೇ ಬದಲಾಯಿತೇ ನೋಡಿಕೊಳ್ಳಿ. ಬಾಡಿಗೆ ಕಾರಾದರೆ ಹೊರಡುವ ಮುನ್ನ ಮ್ಯಾಪಿನ ಆವೃತ್ತಿ ನೋಡಿ, ಕ್ಯಾಮೆರಾದ ಎದುರಿನ ಗಾಜು ಒರೆಸಿ. ಮುಂಗಾಜು ಬದಲಿಸಿದ ಕಾರಿನಲ್ಲಿ ಕ್ಯಾಮೆರಾ ಕ್ಯಾಲಿಬ್ರೇಷನ್, ಅಂದರೆ ಅದರ ನೋಟವನ್ನು ಮತ್ತೆ ಸರಿಹೊಂದಿಸುವುದು, ಆಗದಿದ್ದರೆ ಪಕ್ಕದ ರಸ್ತೆಯ ಫಲಕವನ್ನೂ ತನ್ನದೆಂದು ಓದುವ ಸಾಧ್ಯತೆ ಹೆಚ್ಚು.