ಫ್ಲೈ ಕಟ್ಟುವ ಅಗ್ಗದ ಕಿಟ್: ಭೀಮಾ ದಂಡೆಗೆ ನಡೀತದಾ?

ಯಾದಗಿರಿ ಕಡೆ ಭೀಮಾದಾಗ ಕೊರವ ಮೀನಿಗೆ ಫ್ಲೈ (ಗಾಳಕ್ಕೆ ಗರಿ, ದಾರ ಸುತ್ತಿ ಮಾಡೋ ನಕಲಿ ಹುಳ) ಕಟ್ಟೋರಿಗೆ ಈ ಕಿಟ್ ಅರ್ಧಕ್ಕರ್ಧ ಸಾಕು. ವೈಸ್ ಅಂದ್ರ ಗಾಳ ಕಚ್ಚಿ ಹಿಡಿಯೋ ಹಿಡಿಕಟ್ಟು, 6ರಿಂದ 12ನೇ ನಂಬರಿನ ಗಾಳ ಗಟ್ಟಿ ಹಿಡೀತದ. ಕೊರವಕ್ಕೆ ಬೇಕಾದ 2ನೇ ನಂಬರಿನ ದೊಡ್ಡ ಗಾಳಕ್ಕೆ ಅದರ ದವಡೆ ಜಾರ್ತದ (ನಂಬರ್ ಸಣ್ಣದಾದಷ್ಟು ಗಾಳ ದೊಡ್ಡದು). ದಾರದ ಉಂಡಿ ಹಿಡಿಯೋ ಬಾಬಿನ್‌ನ ಕೊಳವೆ ಬಾಯಿ ಒರಟು, ದಾರ ಪಟಕ್ಕನೆ ಹರೀತದ. ನುಣುಪಾದ ನೀರು ಕಾಗದ (ನೀರು ಹಚ್ಚಿ ಉಜ್ಜೋ ಉಸುಕಿನ ಕಾಗದ) ಸುರುಳಿ ಮಾಡಿ ಒಳ ಅಂಚು ಉಜ್ಜಿದರೆ ಸರಿಹೋಗ್ತದ.

ಕಿಟ್‌ನಾಗಿನ ಬಣ್ಣದ ಗರಿ ಮಾತ್ರ ದಂಡ. ಜವಾರಿ ಹುಂಜದ ಕುತ್ತಿಗೆ ಗರಿಯನ್ನು ಸೋಪಿನ ನೀರಾಗ ತೊಳೆದು, ನೆರಳಾಗ ಒಣಗಿಸಿ ಕಟ್ರಿ. ಗಾಳದ ಕಣ್ಣಿನ ಹಿಂದೆ 2 ಮಿ.ಮೀ. ಜಾಗ ಬಿಡ್ರಿ, ಇಲ್ಲಾಂದ್ರ ದಾರ ಕಣ್ಣನ್ನೇ ಮುಚ್ಚಿ ಲೈನ್ ಪೋಣಿಸಾಕ ಬರಂಗಿಲ್ಲ. ಜೊಂಡಿನಾಗ ಸಿಕ್ಕಿಕೊಳ್ಳದಂಗ ತಡೆಯೋ ಗಟ್ಟಿ ನೈಲಾನ್ ಎಳೆ ಕಿಟ್‌ನಾಗ ಇಲ್ಲ, ಬೇರೆ ಕೊಳ್ಳಬೇಕು.

ಮೀನು ಸಿಕ್ಕರ ಉಪ್ಪು, ಖಾರ, ಹುಣಸೆ ರಸ ಹಚ್ಚಿ ಅರ್ಧ ತಾಸು ಬಿಟ್ಟು ಕರೀರಿ, ಬಿಸಿ ಜೋಳದ ರೊಟ್ಟಿ ಜತಿ.